ತೊಂಬತ್ತಕ್ಕೆ ನಿಲ್ಲುವ ಹೌಸಿ

ಮಂಗಳೂರಿನಲ್ಲಿ ನಾಲ್ಕು ಜನ ಸೇರಿದರೆ ಹೌಸಿ ಆಗಲೇಬೇಕು. ಚರ್ಚಿನ ಫೆಸ್ತ್ ಇರಲಿ, ಬ್ಯಾಂಕಿನವರ ಪಿಕ್ನಿಕ್ ಇರಲಿ, ಒಬ್ಬರು ಮೈಕ್ ಹಿಡಿದು ಚೀಲದಿಂದ ಒಂದೊಂದೇ ನಂಬರ್ ತೆಗೆದು ಕರೆಯುತ್ತಿರುತ್ತಾರೆ. ಉಳಿದವರು ಟಿಕೆಟ್ ಮೇಲೆ ಬಗ್ಗಿ, ಆ ನಂಬರ್ ತಮ್ಮಲ್ಲಿದ್ದರೆ ಗೀಟು ಹಾಕುತ್ತಿರುತ್ತಾರೆ. ಬಿಜೈಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನಲ್ಲೂ ಅಕ್ಟೋಬರ್ 1ರ ಹಿರಿಯರ ದಿನಕ್ಕೆ ಭಾಷಣ ಹತ್ತು ನಿಮಿಷ, ಹೌಸಿ ಎರಡು ಗಂಟೆ. ಭಾಷಣದವರಿಗೂ ಇದು ಗೊತ್ತು. ಬೇಗ ಮುಗಿಸಿ ತಾವೂ ಒಂದು ಟಿಕೆಟ್ ತಗೊಳ್ತಾರೆ.

ಕಳೆದ ಬಾರಿ ನಂಬರ್ ಕರೆಯುವ ಕೆಲಸ ನನ್ನ ತಲೆಗೆ ಬಂತು. ಯಾವಾಗಲೂ ಕರೆಯುವವರು ಮಗನ ಮನೆಗೆಂದು ದುಬೈಗೆ ಹೋಗಿದ್ದರು. ಸಂಘದ ಲೆಕ್ಕಪತ್ರ ನೋಡುವ ನನ್ನ ಅತ್ತೆ, "ನೀನೇ ಕರಿ ಮಾರಾಯ್ತಿ, ನಿನಗೆ ಗಂಟಲು ಉಂಟು" ಎಂದು ಚೀಲ ಕೈಗೆ ಕೊಟ್ಟರು. ಹೊಗಳಿದರೋ ಬೈದರೋ ಗೊತ್ತಾಗಲಿಲ್ಲ.

ಹೌಸಿಯಲ್ಲಿ ನಂಬರನ್ನು ಸುಮ್ನೆ ಓದಿದರೆ ಸಪ್ಪೆ. ಪ್ರತಿ ನಂಬರಿಗೂ ಒಂದು ಬಾಲ ಬೇಕು. 22 ಬಂದರೆ ಎರಡು ಬಾತುಕೋಳಿ, 88 ಬಂದರೆ ಇಬ್ಬರು ದಪ್ಪ ಹೆಂಗಸರು. ಇಂಗ್ಲಿಷರು ಬಿಟ್ಟುಹೋದ ತಮಾಷೆ ಇದು. ನನ್ನ ಎದುರು ಕೂರುವವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಅವರೆದುರು ನಿಂತು ದಪ್ಪ ಹೆಂಗಸರು ಅಂತ ಕೂಗಲು ನನಗೆ ಮನಸ್ಸಿರಲಿಲ್ಲ. ಹಿರಿಯರ ದಿನ ಅಲ್ವಾ, ವಯಸ್ಸಿನ ಮೇಲೆಯೇ ಕರೆದರೆ ಹೇಗೆ ಅನ್ನಿಸಿತು. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಅಂದರೆ ಉಡುಪಿ, ಕಾಸರಗೋಡು ಎಲ್ಲ ಸೇರಿ, ಹುಟ್ಟಿ ಹೆಸರು ಮಾಡಿದವರು. ಅವರು ಎಷ್ಟು ವರ್ಷ ಬದುಕಿದರೋ ಅದೇ ಅವರ ನಂಬರ್.

ಪಟ್ಟಿ ಮಾಡಲು ಕೂತಾಗ ಒಂದು ವಿಷಯ ಕಂಡಿತು. 80ರಿಂದ 88ರ ತನಕ ಸಿಟಿ ಬಸ್ಸಿನ ಹಾಗೆ ಕಾಲಿಡಲು ಜಾಗವಿಲ್ಲ. 20, 30, 40ರ ಮನೆಗಳು ಖಾಲಿ. ಹಾಗಾಗಿ ನಿಯಮ ಸ್ವಲ್ಪ ಸಡಿಲ ಮಾಡಿದೆ. ಹೋದ ವಯಸ್ಸು ಆಗಬಹುದು, ಏನಾದರೂ ಮಾಡಿದ ವಯಸ್ಸೂ ಆಗಬಹುದು. ಆಗ ಪಟ್ಟಿಗೆ ಜೀವ ಬಂತು. ಯಾರಿಗೂ ಹೊಂದದ ನಂಬರುಗಳನ್ನು ಹಾಗೆಯೇ ಕರೆಯುವುದು ಎಂದುಕೊಂಡೆ. ನಮ್ಮಲ್ಲೂ ಎಲ್ಲ ವರ್ಷವೂ ನೆನಪಿಡುವ ಹಾಗೇನೂ ಇರುವುದಿಲ್ಲವಲ್ಲ.

ಹಾಲ್‌ನಲ್ಲಿ ಗೋಳಿಬಜೆ, ಸಕ್ಕರೆ ಹಾಕಿದ ಚಾ, ಹಾಕದ ಚಾ. ಹಾಕದ ಚಾದ ಪಾತ್ರೆ ದೊಡ್ಡದು. ಆದರೆ ಬೇಗ ಖಾಲಿಯಾದದ್ದು ಹಾಕಿದ್ದು. ಮುಂದಿನ ಸಾಲಿನಲ್ಲಿ ನಮ್ಮ ಎದುರು ಮನೆಯ ಅಜ್ಜಿ, ಎಲ್ಲರೂ ಕರೆಯುವುದು ಬಾಯಿ ಅಂತ. ವಯಸ್ಸು 91. ಕನ್ನಡಕದ ದಾರಕ್ಕೆ ಒಂದು ಗಿಡ್ಡ ಪೆನ್ಸಿಲ್ ಕಟ್ಟಿಕೊಂಡಿರುತ್ತಾರೆ. ಬಲಗೈಯಲ್ಲಿ ಭೂತಗನ್ನಡಿ. ಟಿಕೆಟಿನಲ್ಲಿ ಇರುವುದು ಹದಿನೈದೇ ನಂಬರ್. ಆಟ ಶುರುವಾಗುವ ಮೊದಲೇ ಅವಷ್ಟನ್ನೂ ಬಾಯಿಪಾಠ ಮಾಡಿಬಿಡುತ್ತಾರೆ. ಆಮೇಲೆ ಟಿಕೆಟ್ ನೋಡುವುದು ಗೀಟು ಹಾಕುವಾಗ ಮಾತ್ರ. ಅವರ ಪಕ್ಕ ಕನ್ನಡ ಟೀಚರ್. ಹಿಂದೆ ಬ್ಯಾಂಕಿನಲ್ಲಿ ಇದ್ದ ಮಾಮ, ಬೊಂಬಾಯಿಯಲ್ಲಿ ಹೋಟೆಲ್ ನಡೆಸಿ ಬಂದ ಶೆಟ್ರು, ಮಕ್ಕಳ ಡಾಕ್ಟರಾಗಿದ್ದ ಭಟ್ರು.

ಚೀಲದಿಂದ ಮೊದಲು ಬಂದದ್ದು 27.

"ಇಪ್ಪತ್ತೇಳು. ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಬ್ಯಾಂಕನ್ನು ಶುರು ಮಾಡಿದಾಗ ಟಿ.ಎಂ.ಎ. ಪೈಗಳ ವಯಸ್ಸು" ಎಂದೆ.

ಬ್ಯಾಂಕಿನ ಮಾಮ ಟಿಕೆಟ್ ಕೆಳಗಿಟ್ಟರು. 1925ರಲ್ಲಿ ಪೈಗಳು ಇನ್ನಿಬ್ಬರ ಜೊತೆ ಸೇರಿ ಅದನ್ನು ಕಟ್ಟಿದ್ದು, ಬಂಡವಾಳ ಎಂಟು ಸಾವಿರ ರೂಪಾಯಿ, ಕೈಮಗ್ಗದವರಿಗೆ ಸಾಲ ಸಿಗಲಿ ಅಂತ, ಪೈಗಳು ಓದಿದ್ದು ಡಾಕ್ಟರಿಕೆ, ಹೀಗೆ ಒಂದೇ ಉಸಿರಿನಲ್ಲಿ ಹೇಳಿದರು. ಆಮೇಲೆ ಪಿಗ್ಮಿ ಎಂಬ ದಿನದ ಉಳಿತಾಯಕ್ಕೆ ಬಂದರು. 1928ರಲ್ಲಿ ದಿನಕ್ಕೆ ಎರಡಾಣೆ. ಏಜೆಂಟ್ ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದ. "ಆ ಬ್ಯಾಂಕಿನ ಹೆಸರು 2020ರಲ್ಲಿ ಹೋಯಿತು. ಪಿಗ್ಮಿ ಹೋಗಲಿಲ್ಲ ನೋಡಿ. ಈಗಲೂ ಮೀನು ಮಾರುಕಟ್ಟೆಯಲ್ಲಿ ಕೇಳಿ, ಪಿಗ್ಮಿಯವ ಬಂದ ಅಂತಲೇ ಹೇಳ್ತಾರೆ." ಮೀನು ಮಾರುವ ಹೆಂಗಸರು ನೋಟನ್ನು ಸೆರಗಿನ ತುದಿಯಿಂದ ಬಿಚ್ಚಿ ಕೊಡುವುದನ್ನು ನಾನೂ ನೋಡಿದ್ದೇನೆ. ನೋಟಿಗೆ ಬಂಗುಡೆಯ ವಾಸನೆ.

"ನಂಬರ್ ಕರಿಯಾ ಮಗಾ" ಎಂದರು ಬಾಯಿ.

ಅರ್ಧ ಗಂಟೆಯೊಳಗೆ ಅದೇ ಪೈಗಳು ಮತ್ತೆ ಬಂದರು, 55 ಆಗಿ. 1953ರಲ್ಲಿ ಮಣಿಪಾಲದಲ್ಲಿ ಮೆಡಿಕಲ್ ಕಾಲೇಜು ತೆರೆದಾಗ ಅವರಿಗೆ 55. ಖಾಸಗಿಯವರು ಮೆಡಿಕಲ್ ಕಾಲೇಜು ಮಾಡುವುದು ಎಂದರೆ ಆ ಕಾಲದಲ್ಲಿ ಹೆಚ್ಚಿನವರು ಯೋಚಿಸದ ಮಾತು. ಅದೂ ಗಿಡ ಮರ ಇಲ್ಲದ ಒಂದು ಬೋಳು ಗುಡ್ಡದ ಮೇಲೆ. ಹಾಲ್‌ನಲ್ಲಿ ಒಂದು ಸಣ್ಣ ಗುಸುಗುಸು ಎದ್ದಿತು. ಅಲ್ಲಿದ್ದ ಸುಮಾರು ಜನ 58ಕ್ಕೆ ಹಾರ ಹಾಕಿಸಿಕೊಂಡು ಮನೆಗೆ ಬಂದವರು. ಪೈಗಳು ಆಮೇಲೆ ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಇದ್ದು, 1979ರಲ್ಲಿ 81ನೇ ವಯಸ್ಸಿಗೆ ಹೋದರು. "ಹಾಗಾದರೆ 81ಕ್ಕೂ ಅವರೇ. ಒಬ್ಬರಿಗೆ ಮೂರು ನಂಬರ್ ಕೊಡುವುದು ಎಂಥ ನ್ಯಾಯ" ಎಂದು ಶೆಟ್ರು ತಕರಾರು ತೆಗೆದರು. ನ್ಯಾಯದ ಮಾತು ಬಂದಾಗಲೇ ಜಲ್ದಿ ಫೈವ್, ಅಂದರೆ ಮೊದಲು ಐದು ನಂಬರ್ ಹೊಡೆದವರ ಬಹುಮಾನ, ಯಾರಿಗೋ ಹೋಗಿ ಆಗಿತ್ತು. ನನಗೆ ನೆನಪಿಲ್ಲ.

ನಿಜವಾದ ಜಗಳ ಆದದ್ದು 43ಕ್ಕೆ. ನನ್ನ ಪಟ್ಟಿಯಲ್ಲಿ ಬರೆದುಕೊಂಡದ್ದು ಯು.ಆರ್. ರಾವ್. ಉಡುಪಿಯ ಹತ್ತಿರದ ಅದಮಾರಿನಲ್ಲಿ ಹುಟ್ಟಿದವರು. 1975ರ ಏಪ್ರಿಲ್ 19ರಂದು ಆರ್ಯಭಟ ಉಪಗ್ರಹ ಸೋವಿಯತ್ ನೆಲದಿಂದ ಮೇಲೆ ಹೋದಾಗ ಅವರಿಗೆ 43. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಆ ಉಪಗ್ರಹ ಕಟ್ಟಿದ ತಂಡದ ಮುಖ್ಯಸ್ಥರು ಅವರೇ. ನಾನು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಶೆಟ್ರು ಎದ್ದು ನಿಂತಿದ್ದರು.

"43ಕ್ಕೆ ಜಾರ್ಜ್ ಫರ್ನಾಂಡಿಸ್. 74ರ ಮೇ ತಿಂಗಳು. ರೈಲ್ವೆ ಸ್ಟ್ರೈಕ್. ನಾನು ಬೊಂಬಾಯಿಯಲ್ಲಿದ್ದೆ. ಹೋಟೆಲಿಗೆ ಹಾಲು ಬರಲಿಲ್ಲ, ತರಕಾರಿ ಬರಲಿಲ್ಲ. ಇಡೀ ದೇಶದ ರೈಲು ನಿಲ್ಲಿಸಿದ ಮನುಷ್ಯ ನಮ್ಮ ಮಂಗಳೂರಿನವ ಅಂತ ನಾವು ಕಾಲರ್ ಎತ್ತಿ ತಿರುಗಿದ್ದು."

ಲೆಕ್ಕ ಹಾಕಿದೆ. ಜಾರ್ಜ್ ಹುಟ್ಟಿದ್ದು 1930ರ ಜೂನ್ 3. ಸ್ಟ್ರೈಕ್ ಶುರುವಾದದ್ದು ಮೇ 8ಕ್ಕೆ. ಶೆಟ್ರು ಹೇಳಿದ್ದು ಸರಿ, 43. ಮೇಲೆ ಕಳಿಸಿದವರು ದೊಡ್ಡವರೋ ಕೆಳಗೆ ನಿಲ್ಲಿಸಿದವರು ದೊಡ್ಡವರೋ ಎಂದು ಬ್ಯಾಂಕಿನ ಮಾಮನಿಗೂ ಶೆಟ್ರಿಗೂ ಹತ್ತಿಕೊಂಡಿತು. ನಾನು ಮುಂದಿನ ನಂಬರ್ ತೆಗೆದೆ. ಹೌಸಿಯ ಒಳ್ಳೆಯ ಗುಣ ಇದು, ಯಾವ ಚರ್ಚೆಯನ್ನೂ ಮುಗಿಯಲು ಬಿಡುವುದಿಲ್ಲ.

ಅಷ್ಟರಲ್ಲಿ 88 ಬಂತು. ಹಿಂದಿನ ಸಾಲಿನಿಂದ ಯಾರೋ ಹಳೆಯ ಅಭ್ಯಾಸದಲ್ಲಿ "ದಪ್ಪ ಹೆಂಗಸರು" ಎಂದು ಕೂಗಿಯೇ ಬಿಟ್ಟರು. ಅತ್ತೆ ತಿರುಗಿ ನೋಡಿದರು. ಕೂಗಿದವರು ಗೋಳಿಬಜೆಯ ತಟ್ಟೆಯಲ್ಲಿ ಮುಖ ಮುಚ್ಚಿದರು.

88ಕ್ಕೆ ನನ್ನ ಹತ್ತಿರ ನಾಲ್ಕು ಜನ ಇದ್ದರು. ಪೇಜಾವರದ ವಿಶ್ವೇಶ ತೀರ್ಥರು, ಜಾರ್ಜ್ ಫರ್ನಾಂಡಿಸ್, ಶೇಣಿ ಗೋಪಾಲಕೃಷ್ಣ ಭಟ್ಟರು, ಅಮೃತ ಸೋಮೇಶ್ವರರು. ಒಬ್ಬರು ಮಠ, ಒಬ್ಬರು ರಾಜಕೀಯ, ಒಬ್ಬರು ತಾಳಮದ್ದಳೆ, ಒಬ್ಬರು ತುಳು ಜಾನಪದ ಮತ್ತು ಯಕ್ಷಗಾನ ಪ್ರಸಂಗ. ನಾಲ್ವರೂ 88. ಸ್ವಾಮೀಜಿ ಮತ್ತು ಜಾರ್ಜ್ ಹೋದದ್ದು ಒಂದೇ ವರ್ಷ. 2019ರ ಜನವರಿಯಲ್ಲಿ ಜಾರ್ಜ್, ಡಿಸೆಂಬರಿನಲ್ಲಿ ಸ್ವಾಮೀಜಿ.

ಇವರಿಬ್ಬರ ಜೋಡಿ ಬಾಯಿಗೆ ತುಂಬಾ ಹಿಡಿಸಿತು. "ಒಬ್ಬ ಹುಡುಗ ಏಳು ವರ್ಷಕ್ಕೆ ಸನ್ಯಾಸಿ ಆದ, ಕೊನೆ ತನಕ ಉಳಿದ. ಇನ್ನೊಬ್ಬನನ್ನು ಹದಿನಾರು ವರ್ಷಕ್ಕೆ ಪಾದ್ರಿ ಮಾಡ್ಲಿಕ್ಕೆ ಬೆಂಗಳೂರಿನ ಸೆಮಿನರಿಗೆ ಕಳಿಸಿದ್ರು. ಅವ ಬಿಟ್ಟು ಬೊಂಬಾಯಿಗೆ ಓಡಿದ. ಇಬ್ಬರಿಗೂ ದೇವರು ಒಂದೇ ಲೆಕ್ಕ ಕೊಟ್ಟ." ಹೀಗೆ ಹೇಳಿ ಭೂತಗನ್ನಡಿಯಲ್ಲಿ 88 ಹುಡುಕಿ ಗೀಟು ಹಾಕಿದರು.

ಡಾಕ್ಟರ್ ಭಟ್ರು ಮಾತ್ರ, "ಲೆಕ್ಕ ಒಂದೇ, ವರ್ಷ ಬೇರೆ" ಎಂದರು. ಸ್ವಾಮೀಜಿ 84ಕ್ಕೆ ಐದನೇ ಪರ್ಯಾಯ ಪೀಠ ಏರಿದರು, 2016ರ ಜನವರಿಯಲ್ಲಿ. ಪರ್ಯಾಯ ಎಂದರೆ ಕೃಷ್ಣನ ಪೂಜೆಗೆ ಉಡುಪಿಯ ಎಂಟು ಮಠಗಳಿಗೆ ಎರಡೆರಡು ವರ್ಷ ಸರದಿ. ಅಂದರೆ ಒಂದು ಮಠಕ್ಕೆ ಮತ್ತೆ ಪಾಳಿ ಬರಲು ಹದಿನಾರು ವರ್ಷ ಬೇಕು. ಮೊದಲ ಪರ್ಯಾಯ 1952ರಲ್ಲಿ. ಐದು ಸಲ ಏರಬೇಕಾದರೆ ಚಿಕ್ಕವರಿದ್ದಾಗಲೇ ಶುರು ಮಾಡಬೇಕು, ಆಮೇಲೆ ಗಟ್ಟಿಯಾಗಿ ಉಳಿಯಲೂಬೇಕು. ಜಾರ್ಜ್ ಅವರ ಕೊನೆಯ ವರ್ಷಗಳನ್ನು ಅಲ್ಜೈಮರ್ ಕಾಯಿಲೆ ತಿಂದಿತು. ಎಷ್ಟೋ ವರ್ಷ ಅವರು ಹೊರಗೆ ಕಾಣಿಸಲೇ ಇಲ್ಲ. ಭಟ್ರು ಇಷ್ಟು ಹೇಳುವಾಗ ಮೂರನೇ ಮಹಡಿಯ ಅಕ್ಕ ಎದ್ದು, ಚಾ ಲೋಟಗಳನ್ನು ಒಂದರೊಳಗೊಂದು ಪೇರಿಸತೊಡಗಿದರು. ಅವರ ಯಜಮಾನರು ಈಗ ಅವರನ್ನೇ ಗುರುತು ಹಿಡಿಯುವುದಿಲ್ಲ. ಭಟ್ರು ಅಲ್ಲಿಗೇ ನಿಲ್ಲಿಸಿದರು.

ಶೇಣಿಯವರ ಹೆಸರಿಗೆ ಹಾಲ್ ಮತ್ತೆ ಕಳೆಗಟ್ಟಿತು. ಅವರ ವಾಲಿ, ಅವರ ರಾವಣ, ಅವರ ಬಪ್ಪ ಬ್ಯಾರಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತು. ಕಾಲು ಸೋತವರಿಗೂ ಅಲ್ಲಿ ರಾಜನಾಗಿ ಮೆರೆಯಲು ಅಡ್ಡಿಯಿಲ್ಲ. ನಮ್ಮೂರಿನವರಿಗೆ ಮುದಿತನದಲ್ಲೂ ನಾಲಗೆ ಚುರುಕಾಗಿರುವುದಕ್ಕೆ ಇದೂ ಒಂದು ಕಾರಣ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ರಾತ್ರಿಯಿಡೀ ಕೂತು ವಾಲಿ ರಾಮನನ್ನು ತರಾಟೆಗೆ ತಗೊಳ್ಳುವುದನ್ನು ಕೇಳಿ ಬೆಳೆದವರ ಜೊತೆ ಸೊಸೆಯಂದಿರು ವಾದಕ್ಕೆ ನಿಲ್ಲಬಾರದು. ಇದು ನನ್ನ ಸ್ವಂತ ಅನುಭವ. ಅತ್ತೆ ಇದನ್ನು ಓದುವುದಿಲ್ಲ.

ಚಹಾದ ಎರಡನೇ ಸುತ್ತಿನ ಹೊತ್ತಿಗೆ ಆಟಕ್ಕಿಂತ ಮಾತೇ ಜಾಸ್ತಿಯಾಗಿತ್ತು. 85 ಬಂದಾಗ ಯು.ಆರ್. ರಾವ್ ಜೊತೆ ಕಮಲಾದೇವಿ ಚಟ್ಟೋಪಾಧ್ಯಾಯರ ಹೆಸರು ಹೇಳಿದೆ. ಅವರು ಮಂಗಳೂರಿನಲ್ಲಿ ಹುಟ್ಟಿದವರು ಅಂತ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಚಿಕ್ಕ ಹುಡುಗಿಯಾಗಿದ್ದಾಗ ಮದುವೆ, ಬೇಗನೇ ವಿಧವೆ. ಆ ಕಾಲದಲ್ಲಿ ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. 1926ರಲ್ಲಿ, 23ನೇ ವಯಸ್ಸಿಗೆ ಮದ್ರಾಸ್ ಶಾಸನಸಭೆಗೆ ಚುನಾವಣೆಗೆ ನಿಂತರು. ಸ್ವಲ್ಪದರಲ್ಲಿ ಸೋತರು. ಉಪ್ಪಿನ ಸತ್ಯಾಗ್ರಹದಲ್ಲಿ ಜೈಲಿಗೆ ಹೋದರು. ಸ್ವಾತಂತ್ರ್ಯ ಬಂದ ಮೇಲೆ ಕುರ್ಚಿ ಕೇಳದೆ ಕೈಕಸುಬಿನವರ ಹಿಂದೆ ಊರೂರು ತಿರುಗಿದರು. ಆತ್ಮಕಥೆ ಹೊರಗೆ ಬಂದಾಗ 83. ಇವತ್ತು ಕರಕುಶಲ ಎಂಪೋರಿಯಂಗಳಲ್ಲಿ ನಾವು ತಗೊಳ್ಳುವ ಮಡಕೆ, ಚಾಪೆ, ಸೀರೆಯ ಹಿಂದೆ ಅವರ ಓಡಾಟ ಉಂಟು.

86ಕ್ಕೆ ಸಾರಾ ಅಬೂಬಕ್ಕರ್. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬಾಳಿದವರು, 2023ರ ಜನವರಿಯಲ್ಲಿ ತೀರಿಕೊಂಡರು. ಟೀಚರ್ ತಿದ್ದಿದರು: "86 ಬೇಡ. ಅವರನ್ನು 45ಕ್ಕೆ ಹಾಕು. ಬರೆಯಲಿಕ್ಕೆ ಶುರು ಮಾಡಿದ್ದೇ ಆಗ. ಮಕ್ಕಳೆಲ್ಲ ದೊಡ್ಡವರಾದ ಮೇಲೆ. ನಮ್ಮ ಹೆಂಗಸರಿಗೆ ಆ ನಂಬರ್ ಮುಖ್ಯ." ನಾನು ಪಟ್ಟಿಯಲ್ಲಿ ತಿದ್ದಿದೆ. ಟೀಚರ್ ಹೇಳಿದ ಮೇಲೆ ತಿದ್ದದೆ ಇರಲಿಕ್ಕೆ ಆಗ್ತದಾ?

ಅದೇ ಟೀಚರ್ ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಕಷ್ಟಕ್ಕೆ ಸಿಕ್ಕಿಸಿದರು. 31 ಬಂದಿತ್ತು. ನನ್ನ ಪಟ್ಟಿಯಲ್ಲಿ 31 ಖಾಲಿ. ಸುಮ್ನೆ "ಮೂವತ್ತೊಂದು" ಎಂದು ಕರೆದು ಮುಂದಕ್ಕೆ ಹೋದೆ.

"ನಿಲ್ಲು. 31ಕ್ಕೆ ಮುದ್ದಣ."

ಹಾಲ್ ಒಂದು ಕ್ಷಣ ಸುಮ್ಮನಾಯಿತು. ಕಾರ್ಕಳದ ಹತ್ತಿರದ ನಂದಳಿಕೆಯ ಲಕ್ಷ್ಮೀನಾರಣಪ್ಪ. ಹುಟ್ಟಿದ್ದು 1870, ಹೋದದ್ದು 1901. ಕ್ಷಯ. ಉಡುಪಿಯಲ್ಲಿ ಡ್ರಿಲ್ ಮೇಷ್ಟ್ರು. ತಾನು ಬರೆದದ್ದನ್ನು ತನ್ನದು ಎಂದು ಹೇಳಲೂ ಸಂಕೋಚ, ಯಾರೋ ಹಳೆಯ ಕವಿಯ ಕೃತಿ ಎಂದು ಅಚ್ಚಿಗೆ ಕಳಿಸುತ್ತಿದ್ದ. "ಉದ್ದ ಬದುಕಿದವರ ಪಟ್ಟಿ ಮಾಡಿದ್ದೀ, ಒಳ್ಳೆಯದೇ. ಅವನಿಗೆ ಇನ್ನು ಐವತ್ತು ವರ್ಷ ಸಿಕ್ಕಿದ್ದರೆ ಏನೆಲ್ಲ ಬರೆಯುತ್ತಿದ್ದ ಅಂತ ನಾನು ಕ್ಲಾಸಿನಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ" ಎಂದರು ಟೀಚರ್.

ಇದಕ್ಕೆ ಡಾಕ್ಟರ್ ಭಟ್ರು ಕೊಟ್ಟ ಉತ್ತರ ನನಗೆ ಹೊಸದು. ಸ್ವಾತಂತ್ರ್ಯ ಬಂದಾಗ ಭಾರತದಲ್ಲಿ ಸರಾಸರಿ ಆಯಸ್ಸು ಸುಮಾರು 32 ವರ್ಷ, ಈಗ 70ರ ಹತ್ತಿರ. ಹಾಗಂತ ಆಗ ಎಲ್ಲರೂ 32ಕ್ಕೆ ಸಾಯುತ್ತಿದ್ದರು ಅಂತ ಅಲ್ಲ. ಹುಟ್ಟಿದ ಮಕ್ಕಳಲ್ಲಿ ಎಷ್ಟೋ ಐದು ವರ್ಷ ದಾಟುತ್ತಿರಲಿಲ್ಲ. ವಾಂತಿ ಭೇದಿ, ದಡಾರ, ಸಿಡುಬು, ಮಲೇರಿಯ. ಆ ಸಣ್ಣ ಸಣ್ಣ ಸಂಖ್ಯೆಗಳೇ ಸರಾಸರಿಯನ್ನು ಕೆಳಗೆ ಎಳೆಯುತ್ತಿದ್ದವು. ಬಾಲ್ಯ ದಾಟಿದ ಮೇಲೆ ಕ್ಷಯ, ಹೆರಿಗೆ ಇವುಗಳಿಂದ ಪಾರಾದವರು ಆಗಲೂ ಅಜ್ಜ ಅಜ್ಜಿ ಆಗುತ್ತಿದ್ದರು. "ದೀರ್ಘಾಯುಷ್ಯದ ಗುಟ್ಟು ಏನು ಅಂತ ಪೇಪರಿನವರು ಕೇಳ್ತಾರಲ್ಲ, ಅರ್ಧ ಗುಟ್ಟು ಇರುವುದು ಮೊದಲ ಐದು ವರ್ಷದಲ್ಲಿ. ಅದು ಅಮ್ಮನಿಗೆ ಗೊತ್ತು, ನಮಗೆ ಗೊತ್ತಿಲ್ಲ."

"ನನ್ನ ಮಮ್ಮಿಗೆ ಹನ್ನೊಂದು" ಎಂದರು ಬಾಯಿ. "ಉಳಿದದ್ದು ಆರು."

ಹಾಗೆ ನೋಡಿದರೆ ಪೇಪರಿನ ಆ ಗುಟ್ಟಿನ ಪ್ರಶ್ನೆ ನನಗೂ ಯಾವತ್ತೂ ಹಿಡಿಸಿಲ್ಲ. ಬೆಳಗ್ಗೆ ನಾಲ್ಕಕ್ಕೆ ಏಳುವುದು, ಗಂಜಿ ಊಟ, ನಡಿಗೆ. ಎಲ್ಲರದ್ದೂ ಅದೇ ಉತ್ತರ. ಅಷ್ಟನ್ನೇ ಮಾಡಿ ಅರವತ್ತಕ್ಕೆ ಹೋದವರನ್ನು ಯಾರೂ ಸಂದರ್ಶನ ಮಾಡುವುದಿಲ್ಲ. ನನ್ನ ಪಟ್ಟಿಯಲ್ಲಿದ್ದ ಸ್ವಾಮೀಜಿಯ ದಿನಚರಿಗೂ ಕಾರ್ಮಿಕ ನಾಯಕನ ದಿನಚರಿಗೂ ಏನಾದರೂ ಸಂಬಂಧ ಉಂಟಾ?

87ಕ್ಕೆ ಶಿವರಾಮ ಕಾರಂತರು. ಹೋದ ವಯಸ್ಸಲ್ಲ. 1989ರಲ್ಲಿ ಲೋಕಸಭೆ ಚುನಾವಣೆಗೆ ನಿಂತ ವಯಸ್ಸು. ಕೈಗಾ ಅಣುಸ್ಥಾವರ ಬೇಡ ಎಂದು ಉತ್ತರ ಕನ್ನಡದಿಂದ ಪಕ್ಷೇತರರಾಗಿ ನಿಂತರು. ಜ್ಞಾನಪೀಠ ಬಂದು ಹನ್ನೆರಡು ವರ್ಷವಾಗಿತ್ತು. ಮನೆಯಲ್ಲಿ ಕೂತು ಶಾಲು ಹೊದೆಸಿಕೊಳ್ಳಬಹುದಿತ್ತು. ಊರೂರು ತಿರುಗಿ ಓಟು ಕೇಳಿದರು, ಸೋತರು. ಸೋತ ಮೇಲೆಯೂ ಬರೆಯುವುದು ನಿಲ್ಲಿಸಲಿಲ್ಲ. ತೊಂಬತ್ತು ದಾಟಿದ ಮೇಲೆ ಹಕ್ಕಿಗಳ ಬಗ್ಗೆ ಪುಸ್ತಕ ಮಾಡಿದರು. ಬ್ಯಾಂಕಿನ ಮಾಮ ಪುತ್ತೂರಿನವರು. ಹುಡುಗನಾಗಿದ್ದಾಗ, ಕಾರಂತರು ಇದ್ದ ಬಾಲವನದ ಬೇಲಿಯ ಹೊರಗೆ ನಿಂತು ಅವರನ್ನು ನೋಡಿದ್ದು, ಒಳಗೆ ಹೋಗಲು ಹೆದರಿದ್ದು ಹೇಳಿದರು. "ಬಿಳಿ ತಲೆ, ಬಿಳಿ ಬಟ್ಟೆ, ಮುಖದಲ್ಲಿ ಸಿಟ್ಟು. ಸಿಟ್ಟಲ್ಲವಂತೆ, ಮುಖವೇ ಹಾಗಂತೆ."

"ಅವರು ಹೋದಾಗ ಎಷ್ಟು?" ಎಂದರು ಬಾಯಿ.

"95."

"ಆ ನಂಬರ್ ಎಲ್ಲಿ?"

"ಹೌಸಿಯಲ್ಲಿ 90ರ ತನಕ ಮಾತ್ರ ಬಾಯಿ."

ಬಾಯಿ ಭೂತಗನ್ನಡಿ ಮಡಿಲಲ್ಲಿಟ್ಟರು. "ಹಾಗಾದರೆ ನನ್ನ ನಂಬರೂ ಇಲ್ಲ."

ಇಷ್ಟು ವರ್ಷ ಅವರು ಹೌಸಿ ಆಡಿದ್ದಾರೆ. ಹೋದ ವರ್ಷ 90 ಬಂದಾಗ ಎಲ್ಲರೂ ಅವರಿಗಾಗಿ ಚಪ್ಪಾಳೆ ತಟ್ಟಿದ್ದರು. ಈಗ ಚೀಲದಲ್ಲಿ ಅವರಿಗೆ ಜಾಗವಿಲ್ಲ. ಬೇಸರದಲ್ಲಿ ಹೇಳಿದ ಮಾತಲ್ಲ. ರೇಷನ್ ಕಾರ್ಡಿನಲ್ಲಿ ಹೆಸರು ಬಿಟ್ಟುಹೋದರೆ ಕೇಳುವ ಧ್ವನಿ. ಅದಕ್ಕೆ ಅತ್ತೆಯೇ ಪರಿಹಾರ ಹುಡುಕಿದರು. ಫುಲ್ ಹೌಸ್, ಅಂದರೆ ಯಾರದಾದರೂ ಟಿಕೆಟ್ ಪೂರ್ತಿ ಆದ ಮೇಲೆ ಒಂದು ಹೆಚ್ಚಿನ ಆಟ. ಟಿಕೆಟಿನ ಹಿಂದೆ ಎಲ್ಲರೂ 91ರಿಂದ 120ರ ಒಳಗೆ ತಮಗೆ ಬೇಕಾದ ಐದು ನಂಬರ್ ಬರೆದುಕೊಳ್ಳುವುದು. ನಾನು ಅಲ್ಲೇ ಕಾಗದ ಹರಿದು ಚೀಟಿ ಮಾಡುವುದು.

120 ಯಾಕೆ ಅಂದರೆ ಭಟ್ರು ವಾದಿರಾಜರನ್ನು ಬಿಡಲು ತಯಾರಿರಲಿಲ್ಲ. ಸೋದೆಯ ವಾದಿರಾಜರು 1480ರಿಂದ 1600ರ ತನಕ ಬದುಕಿದ್ದರು ಎಂಬುದು ಮಠಗಳ ನಂಬಿಕೆ. ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಪರ್ಯಾಯವನ್ನು ಎರಡು ವರ್ಷಕ್ಕೆ ಮಾಡಿದವರೂ ಅವರೇ. "ಡಾಕ್ಟರಾಗಿ ನೀವು 120 ನಂಬ್ತೀರಾ?" ಎಂದು ಶೆಟ್ರು ಕಾಲೆಳೆದರು. "ಡಾಕ್ಟರಾಗಿ ಇಲ್ಲ, ಭಟ್ಟನಾಗಿ ಹೌದು" ಎಂದರು ಅವರು.

ಈ ಆಟಕ್ಕೆ ಊರಿನ ಗಡಿಯನ್ನೂ ತೆಗೆದೆವು. ಇಲ್ಲದಿದ್ದರೆ ಜನ ಸಾಲುತ್ತಿರಲಿಲ್ಲ. 95ಕ್ಕೆ ಕಾರಂತರ ಜೊತೆ ಮಾಸ್ತಿ ಬಂದರು. ಹುಟ್ಟಿದ್ದೂ ಜೂನ್ 6, ಹೋದದ್ದೂ ಜೂನ್ 6. ಯೋಗದ ಬಿ.ಕೆ.ಎಸ್. ಅಯ್ಯಂಗಾರರೂ 95. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ 96. 103ಕ್ಕೆ ಇಬ್ಬರು. ಎ.ಎನ್. ಮೂರ್ತಿರಾಯರು 90 ದಾಟಿದ ಮೇಲೆ ದೇವರು ಇದ್ದಾನೆಯೇ ಎಂದು ಒಂದು ಪುಸ್ತಕವನ್ನೇ ಬರೆದವರು. ದೇವರ ಮನೆಗೆ ಅಷ್ಟು ಹತ್ತಿರ ಬಂದಾಗ ಎಲ್ಲರೂ ಮೆತ್ತಗಾಗುತ್ತಾರೆ, ಇವರು ಆಗಲಿಲ್ಲ. ಇನ್ನೊಬ್ಬರು ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ. 1918ರ ಮಹಾಮಾರಿಯ ವರ್ಷ ಹುಟ್ಟಿ, 2021ರಲ್ಲಿ ಕೊರೊನಾ ಬಂದು ಗುಣವಾಗಿ, ಆಮೇಲೆ ಹೋದವರು. 107ಕ್ಕೆ ನಿಘಂಟಿನ ಜಿ. ವೆಂಕಟಸುಬ್ಬಯ್ಯ. 111ಕ್ಕೆ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ.

100 ಬಂದಾಗ ಟೀಚರ್ ತಾವೇ ಮೈಕ್ ತೆಗೆದುಕೊಂಡರು. ಕಯ್ಯಾರ ಕಿಞ್ಞಣ್ಣ ರೈ. 1915ರ ಜೂನ್ 8ರಿಂದ 2015ರ ಆಗಸ್ಟ್ 9. ನೂರು ತುಂಬಿ ಎರಡು ತಿಂಗಳು. ಬದಿಯಡ್ಕದ ಹತ್ತಿರದ ಪೆರಡಾಲದವರು. ಕವಿ, ಮೇಷ್ಟ್ರು, ಪತ್ರಕರ್ತ, ಕೃಷಿಕ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಎಂದು 1956ರಿಂದ ಕೊನೆಯ ಉಸಿರಿನ ತನಕ ಹೇಳುತ್ತಲೇ ಇದ್ದರು. ಸೇರಲಿಲ್ಲ. 1997ರಲ್ಲಿ ಮಂಗಳೂರಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು, ವಯಸ್ಸು 82. ಟೀಚರ್ ಆಗ ಮಕ್ಕಳನ್ನು ಕರೆದುಕೊಂಡು ಮೆರವಣಿಗೆಗೆ ಹೋಗಿದ್ದರಂತೆ. "ನೂರು ವರ್ಷ ಬದುಕಿದರೂ ಕೆಲವು ಕೆಲಸ ಆಗುವುದಿಲ್ಲ. ಅದನ್ನೂ ಬರೆದುಕೋ" ಎಂದು ಮೈಕ್ ವಾಪಸ್ ಕೊಟ್ಟರು.

ಆಟ ಮುಗಿಯುವ ಮೊದಲೇ ಜನ ತಮ್ಮ ತಮ್ಮ ನಂಬರ್ ಹೇಳತೊಡಗಿದ್ದರು. ಯಾರು ಶುರು ಮಾಡಿದರೋ ಗೊತ್ತಿಲ್ಲ. ಬ್ಯಾಂಕಿನ ಮಾಮ 66ಕ್ಕೆ ಚೆಂಡೆ ಕಲಿಯಲು ಹೋದರಂತೆ. ಕೆಳಗಿನ ಮನೆಯವರು ದೂರು ಕೊಟ್ಟ ಮೇಲೆ ಬಿಟ್ಟರಂತೆ. ಬಾಯಿ 61ಕ್ಕೆ ಮೊದಲ ಸಲ ವಿಮಾನ ಹತ್ತಿ, ಒಬ್ಬರೇ ಕುವೈತಿಗೆ ಮಗಳ ಬಾಣಂತನಕ್ಕೆ ಹೋದರಂತೆ. ಚೀಲದಲ್ಲಿ ಕುಚ್ಚಲಕ್ಕಿ ಮತ್ತು ಒಣಮೀನು. ಮೂರನೇ ಮಹಡಿಯ ಅಕ್ಕ 70ಕ್ಕೆ ಆನ್‌ಲೈನ್‌ನಲ್ಲಿ ಕರೆಂಟ್ ಬಿಲ್ ಕಟ್ಟಲು ಕಲಿತರು. ಅದು ಮೊದಲು ಯಜಮಾನರ ಕೆಲಸವಾಗಿತ್ತು.

ಶೆಟ್ರ ಸರದಿ ಬಂದಾಗ ಅವರು ಕೈ ಕಟ್ಟಿ ಕೂತರು. "ನಾನು 60ಕ್ಕೆ ಹೋಟೆಲ್ ಮಾರಿ ಊರಿಗೆ ಬಂದೆ. ಆಮೇಲೆ ಎಂಥದ್ದೂ ಮಾಡ್ಲಿಲ್ಲ. ಬೆಳಗ್ಗೆ ಪೇಪರ್, ಮಧ್ಯಾಹ್ನ ನಿದ್ದೆ, ಸಂಜೆ ಕದ್ರಿ ಪಾರ್ಕ್. ಹದಿಮೂರನೇ ವರ್ಷಕ್ಕೆ ತಟ್ಟೆ ತೊಳೆಯಲಿಕ್ಕೆ ಶುರು ಮಾಡಿದ್ದು ಮಾರಾಯ್ರೆ. ಇನ್ನು ಎಂಥ ಸಾಧನೆ? ಸುಮ್ನೆ ಕೂರುವುದು ಕೂಡ ಒಂದು ಕೆಲಸ. ನನಗೆ ಚೆನ್ನಾಗಿಯೇ ಉಂಟು."

ಟೀಚರ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಕಾರಂತರ ಹೆಸರು ಮತ್ತೆ ಎಳೆದು ತಂದರು. ನನಗೆ ಮಾತ್ರ ಶೆಟ್ರ ಮಾತು ಸರಿ ಅನ್ನಿಸಿತು. ದೊಡ್ಡವರ ಪಟ್ಟಿ ಓದಿದಾಗ ನಾವು ಮರೆಯುವುದು ಇದನ್ನೇ. 87ಕ್ಕೆ ಚುನಾವಣೆಗೆ ನಿಲ್ಲುವುದು ಕಾರಂತರ ಸ್ವಭಾವ. ಅವರು 27ರಲ್ಲೂ ಹಾಗೆಯೇ ಇದ್ದರು. ಅದನ್ನು ಎಲ್ಲ ಮುದುಕರಿಗೂ ಹೋಮ್‌ವರ್ಕ್ ಅಂತ ಕೊಡುವುದು ಅನ್ಯಾಯ. ಹದಿಮೂರಕ್ಕೆ ದುಡಿಮೆಗೆ ಇಳಿದವರಿಗೆ 60ರ ಮೇಲಿನ ನಿದ್ದೆ ಸಂಪಾದನೆಯೇ. ಮತ್ತೊಂದು ಮಾತು ಅತ್ತೆ ಎತ್ತಿದರು. ಇಷ್ಟು ಜನ ಗಂಡಸರು ಎಂಬತ್ತು ತೊಂಬತ್ತು ದಾಟಿದರಲ್ಲ, ಇವರ ಮನೆಯಲ್ಲಿ ಹೊತ್ತು ಹೊತ್ತಿಗೆ ಬಿಸಿನೀರು ಕಾಯಿಸಿದವರು, ಮಾತ್ರೆ ಕೊಟ್ಟವರು ಯಾರು? ಅವರ ನಂಬರ್ ಯಾವ ಚೀಲದಲ್ಲಿ ಉಂಟು? ಗಂಡಸರ ಸಾಲಿನಿಂದ ಉತ್ತರ ಬರಲಿಲ್ಲ. ಹೆಂಗಸರ ಸಾಲಿನಲ್ಲಿ ನಗು.

ಹೆಚ್ಚಿನ ಆಟವನ್ನು ಗೆದ್ದದ್ದು ಬಾಯಿಯಲ್ಲ, ಭಟ್ರು. ಕೊನೆಯ ಚೀಟಿ 120 ಬಂತು. ಅದನ್ನು ಬರೆದುಕೊಂಡಿದ್ದವರು ಅವರೊಬ್ಬರೇ. ಬಹುಮಾನ ಒಂದು ಸ್ಟೀಲ್ ಡಬ್ಬಿ. ಚೀಟಿ ಮಾಡಿದ್ದೂ ಎತ್ತಿದ್ದೂ ಒಬ್ಬಳೇ, ನಡುವೆ ಯಾರೂ ಚೀಲ ಅಲುಗಾಡಿಸಿಲ್ಲ ಎಂದು ಶೆಟ್ರು ಆಕ್ಷೇಪ ದಾಖಲಿಸಿದರು. ಅತ್ತೆ ಅದನ್ನು ನಿಜವಾಗಿಯೂ ಮಿನಿಟ್ಸ್ ಪುಸ್ತಕದಲ್ಲಿ ಬರೆದರು. ಡಿಸೆಂಬರಿನಲ್ಲಿ ಕ್ರಿಸ್ಮಸ್ ಹೌಸಿಗೆ ದುಬೈಗೆ ಹೋದವರು ವಾಪಸ್ ಬರುತ್ತಾರೆ. ಮೈಕ್ ಅವರಿಗೇ ಹೋಗಬಹುದು. ಆದರೆ ಹಂಪನಕಟ್ಟೆಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ 120ರ ತನಕ ನಂಬರ್ ಇರುವ ಟಿಕೆಟ್ ಅಚ್ಚು ಹಾಕಿಸಲು ಎಷ್ಟಾಗುತ್ತದೆ ಅಂತ ಅತ್ತೆ ಆಗಲೇ ವಿಚಾರಿಸಿ ಬಂದಿದ್ದಾರೆ. ಐನೂರಕ್ಕಿಂತ ಕಡಿಮೆ ಹಾಕಿಸಿದರೆ ಗಿಟ್ಟುವುದಿಲ್ಲವಂತೆ. ನಮ್ಮ ಸಂಘದಲ್ಲಿ ಇರುವುದು ನಲವತ್ತು ಜನ. ಉಳಿದದ್ದನ್ನು ಪಕ್ಕದ ಅಪಾರ್ಟ್‌ಮೆಂಟಿನವರಿಗೆ ಮಾರುವ ಯೋಚನೆ ನಡೆದಿದೆ.